ದುಬಾರಿ ಕೋಲು, ಅದೇ ಮೀನು

1950ರ ಕೊನೆಯಲ್ಲಿ ಚೀನಾದ ಸೈನ್ಯ ಕೊರಿಯಾ ಯುದ್ಧಕ್ಕೆ ಇಳಿಯಿತು. ಅದೇ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಚೀನಾದೊಡನೆ ವ್ಯಾಪಾರವನ್ನೇ ನಿಲ್ಲಿಸಿಬಿಟ್ಟಿತು. ಹಾಗೆ ನಿಂತುಹೋದ ಸರಕುಗಳಲ್ಲಿ ಯುದ್ಧಕ್ಕೂ ರಾಜಕಾರಣಕ್ಕೂ ಯಾವ ಸಂಬಂಧವೂ ಇಲ್ಲದ ಒಂದು ವಸ್ತುವಿತ್ತು. ಅದು ಬಿದಿರು. ಗುವಾಂಗ್‌ಡಾಂಗ್ ಪ್ರಾಂತದ ಸೂಯಿ ನದಿಯ ಆಸುಪಾಸಿನ ಗುಡ್ಡಗಳಲ್ಲಿ ಬೆಳೆಯುವ, ವ್ಯಾಪಾರಿಗಳು ‘ಟಾಂಕಿನ್’ ಎಂದು ಕರೆಯುವ ಬಿದಿರು. ಟಾಂಕಿನ್ ಇರುವುದು ವಿಯೆಟ್ನಾಮಿನಲ್ಲಿ. ಬಿದಿರಿಗೂ ಆ ಪ್ರದೇಶಕ್ಕೂ ನಂಟಿಲ್ಲ. ಆದರೆ ಜಗತ್ತಿನ ಅತಿ ದುಬಾರಿ ಗಾಳದ ಕೋಲುಗಳಲ್ಲಿ ಬಹುಪಾಲು ಈ ಬಿದಿರಿನ ಸೀಳುಗಳಿಂದಲೇ ತಯಾರಾಗುತ್ತಿದ್ದವು.

ಅಮೆರಿಕದ ಕೋಲು ತಯಾರಕರಿಗೆ ಇದು ಬರಸಿಡಿಲು. ಗೋದಾಮಿನಲ್ಲಿ ಹಳೆಯ ದಾಸ್ತಾನು ಇದ್ದವರು ಅದನ್ನೇ ಜೋಪಾನವಾಗಿ ಬಳಸುತ್ತ ದಿನ ತಳ್ಳಿದರು. ಇಲ್ಲದವರಲ್ಲಿ ಹಲವರು ಬಾಗಿಲು ಹಾಕಿದರು, ಇಲ್ಲವೇ ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಗಾಜಿನ ನಾರಿನ ಕೋಲಿಗೆ ಹೊರಳಿದರು. ನಿರ್ಬಂಧ ಸಡಿಲವಾಗಲು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಗಾಳಗಾರರು ಬಿದಿರಿನ ಕೋಲನ್ನು ಕೈಯಲ್ಲಿ ಹಿಡಿಯದೆಯೇ ದೊಡ್ಡವರಾಗಿದ್ದರು, ಬುಟ್ಟಿ ತುಂಬ ಮೀನನ್ನೂ ಹಿಡಿದಿದ್ದರು. ಹಾಗಾದರೆ ಅವರ ಅಪ್ಪಂದಿರು ಬಿದಿರಿನ ಕೋಲಿಗೆಂದು ಸುರಿದ ದುಡ್ಡು ಯಾವುದಕ್ಕೆ ಸಂದಿತು?

ಗಾಳ ಹಾಕುವುದು ದುಡ್ಡಿದ್ದವರ ವಿನೋದವಾಗಿಯೂ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನಿನ ಬಗೆಗಳು, ಯಾವುದಕ್ಕೆ ಯಾವ ಮೇವು, ಗಾಳ ಹಾಕುವ ಕ್ರಮ ಎಲ್ಲವೂ ಅಲ್ಲಿ ಬರುತ್ತವೆ. ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ಬರೆದ ಮೇಲೆ ಮೀನು ತಜ್ಞರ ಕಣ್ಣು ಇತ್ತ ಬಿತ್ತು. ಇಂಗ್ಲಿಷಿನಲ್ಲಿ ಗಾಳದ ಕುರಿತ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಬರೆದವಳು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂಬುದು ವಾಡಿಕೆಯ ಮಾತು. ನಮ್ಮ ಬಸವಕಲ್ಯಾಣದ ದೊರೆ ಅದಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲಿನವನು.

ಆ ಇಂಗ್ಲಿಷ್ ಪುಸ್ತಕದಲ್ಲಿ ಕೋಲನ್ನು ಕೊಳ್ಳುವ ಮಾತೇ ಇಲ್ಲ. ಚಳಿಗಾಲದಲ್ಲಿ ಹೇಜಲ್ ಅಥವಾ ವಿಲ್ಲೋ ಮರದ ದಂಡವೊಂದನ್ನು ಕಡಿಯಬೇಕು, ಒಲೆಯ ಶಾಖದಲ್ಲಿ ನೆಟ್ಟಗೆ ಮಾಡಬೇಕು, ಕಾಯಿಸಿದ ಕಬ್ಬಿಣದಿಂದ ಒಳಗೆ ತೂತು ಕೊರೆಯಬೇಕು. ತುದಿಯ ಸಣ್ಣ ಕಡ್ಡಿಯನ್ನು ಆ ತೂತಿನೊಳಗೆ ಇಟ್ಟುಕೊಂಡರೆ ಅದು ಊರುಗೋಲು. ಎಲ್ಲಿಗೆ ಹೊರಟಿದ್ದೀರೆಂದು ದಾರಿಯಲ್ಲಿ ಯಾರಿಗೂ ತಿಳಿಯದು! ಖರ್ಚೆಂದರೆ ಕೈಕೆಲಸ ಮತ್ತು ಕಾಯುವ ತಾಳ್ಮೆ. ದಾರವನ್ನು ಕುದುರೆಯ ಬಾಲದ ಕೂದಲಿನಿಂದ ಹೊಸೆದು ಕೋಲಿನ ತುದಿಗೇ ಕಟ್ಟುತ್ತಿದ್ದ ಕಾಲವದು. ರಾಟೆ ಇಲ್ಲ, ದೂರ ಎಸೆಯುವುದೂ ಇಲ್ಲ.

ರಾಟೆ ಬಂದು, ರೇಷ್ಮೆಯ ದಾರ ಬಂದು, ಮೀನು ಇರುವಲ್ಲಿಗೆ ದಾರವನ್ನು ಬೀಸಿ ಎಸೆಯುವ ಕಲೆ ಬೆಳೆದಾಗ ಕೋಲಿನ ಮೇಲೆ ಭಾರ ಬಿತ್ತು. ಎಸೆಯುವಾಗ ಬಿಲ್ಲಿನ ಹಾಗೆ ಬಾಗಿ ಮರುಕ್ಷಣ ನೆಟ್ಟಗಾಗುವ ಕೋಲು ಬೇಕಾಯಿತು. ದಕ್ಷಿಣ ಅಮೆರಿಕದ ಗಯಾನಾದಿಂದ ಗ್ರೀನ್‌ಹಾರ್ಟ್ ಎಂಬ ಗಟ್ಟಿ ಮರ ತರಿಸಿದರು. ಬಲವಾದದ್ದೇನೋ ಹೌದು, ಆದರೆ ತೂಕ ಬಹಳ. ಎರಡೂ ಕೈಯಲ್ಲಿ ಹಿಡಿಯುವ ಹದಿನಾರು ಅಡಿಯ ಸಾಲ್ಮನ್ ಕೋಲನ್ನು ಇಡೀ ದಿನ ಬೀಸಿದವನ ತೋಳು ಸಂಜೆಗೆ ಮೇಲೇಳುತ್ತಿರಲಿಲ್ಲ. ಸಾಲದ್ದಕ್ಕೆ ಆ ಮರ ಮುನ್ಸೂಚನೆ ಕೊಡದೆ ಫಟ್ಟೆಂದು ಮುರಿಯುವುದೂ ಇತ್ತು.

ಉತ್ತರ ಹೊಳೆದದ್ದು ಬಂದೂಕು ಮಾಡುವವರಿಗೆ. ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಸ್ಯಾಮ್ಯುಯೆಲ್ ಫಿಲಿಪ್ ಬಂದೂಕು ಕಟ್ಟುತ್ತಿದ್ದ, ಪಿಟೀಲನ್ನೂ ಮಾಡುತ್ತಿದ್ದ. 1840ರ ದಶಕದಲ್ಲಿ ಅವನು ಬಿದಿರನ್ನು ಸೀಳಿ, ಸೀಳುಗಳನ್ನು ಮತ್ತೆ ಅಂಟಿಸಿ ಕೋಲು ಮಾಡಿದ. ಬಿದಿರಿನ ಶಕ್ತಿಯೆಲ್ಲ ಹೊರಸಿಪ್ಪೆಯ ಕೆಳಗಿನ ಒತ್ತಾದ ನಾರಿನಲ್ಲಿದೆ, ಒಳಗಿನ ತಿರುಳು ಬರೀ ಹೊರೆ. ತಿರುಳನ್ನು ತೆಗೆದು, ನಾರಿನ ಭಾಗವನ್ನು ಮಾತ್ರ ತ್ರಿಕೋನದ ಸೀಳುಗಳಾಗಿ ಮಾಡಿ, ಸಿಪ್ಪೆ ಹೊರಗಿರುವಂತೆ ಆರು ಸೀಳುಗಳನ್ನು ಜೋಡಿಸಿದರೆ ಷಟ್ಕೋನದ ಕೋಲು. ತೂಕ ಕಡಿಮೆ, ಪುಟಿತ ಹೆಚ್ಚು. ಆಗ ಬಳಸುತ್ತಿದ್ದದ್ದು ಟಾಂಕಿನ್ ಅಲ್ಲ, ಭಾರತದಿಂದ ಹೋಗುತ್ತಿದ್ದ ‘ಕಲ್ಕತ್ತಾ ಬಿದಿರು’. ಚೀನಾದ ಬಿದಿರಿನ ನಾರು ಇನ್ನೂ ಒತ್ತಾಗಿದೆ, ಗೆಣ್ಣು ಅಷ್ಟು ಉಬ್ಬಿಲ್ಲ ಎಂದು ಗೊತ್ತಾದ ಮೇಲೆ ಕಲ್ಕತ್ತಾದ ಸರಕು ಮೂಲೆ ಸೇರಿತು.

ಬೆಲೆ ಏರಿದ್ದು ಎಲ್ಲಿ ಎಂಬುದು ಕೆಲಸವನ್ನು ನೋಡಿದರೆ ತಿಳಿಯುತ್ತದೆ. ಆರೂ ಸೀಳುಗಳು ಬುಡದಿಂದ ತುದಿಯವರೆಗೆ ಒಂದೇ ಸಮನೆ ಸಣ್ಣದಾಗುತ್ತ ಹೋಗಬೇಕು. ಅಳತೆ ಅಂಗುಲದ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಒಂದು ಸೀಳು ಕೂದಲೆಳೆಯಷ್ಟು ದಪ್ಪವಾದರೂ ಅಂಟಿನ ನಡುವೆ ಸಂದು ಬೀಳುತ್ತದೆ. ಕೈಯಲ್ಲೇ ಹೆರೆದು ಮಾಡುವ ಕುಶಲಿಗೆ ಒಂದು ಕೋಲಿಗೆ ವಾರವೇ ಹಿಡಿಯುತ್ತದೆ. ಮೇನ್ ರಾಜ್ಯದ ಬ್ಯಾಂಗರ್ ಊರಿನ ಹೈರಮ್ ಲೆನಾರ್ಡ್ 1870ರ ದಶಕದಲ್ಲಿ ಸೀಳುಗಳನ್ನು ಓರೆಯಾಗಿ ಕತ್ತರಿಸುವ ಯಂತ್ರವೊಂದನ್ನು ಕಟ್ಟಿದ. ಅದನ್ನು ಬೀಗ ಹಾಕಿದ ಕೋಣೆಯಲ್ಲಿ ಇಟ್ಟಿದ್ದನಂತೆ, ನಂಬಿದವರಿಗೆ ಮಾತ್ರ ಪ್ರವೇಶ. ಪ್ರಯೋಜನವಾಗಲಿಲ್ಲ. ಅವನ ಕೈಕೆಳಗೆ ಪಳಗಿದ ಎಡ್ವರ್ಡ್ ಪೇನ್, ಫ್ರೆಡ್ ಥಾಮಸ್, ಯೂಸ್ಟಿಸ್ ಎಡ್ವರ್ಡ್ಸ್ ಮೊದಲಾದವರು ಹೊರಬಂದು ತಮ್ಮದೇ ಹೆಸರಿನ ಕೋಲು ಮಾಡಿದರು. ಅಮೆರಿಕದ ಶ್ರೇಷ್ಠ ಬಿದಿರು ಕೋಲುಗಳ ವಂಶವೃಕ್ಷದ ಬಹುಪಾಲು ಆ ಒಂದು ಕಾರ್ಖಾನೆಯಿಂದಲೇ ಟಿಸಿಲೊಡೆದಿದೆ.

ಯಂತ್ರ ಬಂದ ಮೇಲೆ ಅಗ್ಗದ ಕೋಲುಗಳೂ ಬಂದವು. ಮಾಂಟೆಗ್ಯೂ, ಹೊರಾಕ್ಸ್-ಇಬಾಟ್ಸನ್‌ನಂಥ ಕಂಪನಿಗಳು ಅದೇ ಬಿದಿರಿನ ಕೋಲನ್ನು ರಾಶಿ ರಾಶಿ ತಯಾರಿಸಿ ಹಾರ್ಡ್‌ವೇರ್ ಅಂಗಡಿಗಳಿಗೆ ತುಂಬಿದವು. ಹೊರನೋಟಕ್ಕೆ ಎರಡರಲ್ಲೂ ವ್ಯತ್ಯಾಸವಿಲ್ಲ. ಮೂರು ಮಳೆಗಾಲ ಕಳೆದ ಮೇಲೆ ವ್ಯತ್ಯಾಸ ಕಾಣುತ್ತಿತ್ತು: ವಾರ್ನಿಶ್ ಬಿರಿದು ನೀರು ಒಳಹೊಕ್ಕು ಅಂಟು ಬಿಡುವುದು, ಕೋಲಿನ ತುಂಡುಗಳನ್ನು ಕೂಡಿಸುವ ತೆಳು ಹಿತ್ತಾಳೆಯ ಕೀಲು ಸಡಿಲಾಗುವುದು. ದುಬಾರಿ ಕೋಲಿನ ಕೀಲು ಜರ್ಮನ್ ಸಿಲ್ವರಿನದು, ಒಂದಕ್ಕೊಂದು ಉಜ್ಜಿ ಕೂರಿಸಿದ್ದು. ತುದಿ ಮುರಿದೀತೆಂದು ಇನ್ನೊಂದು ತುದಿಯನ್ನೂ ಜೊತೆಗೇ ಕೊಡುತ್ತಿದ್ದರು. ಆ ಕಾಲದಲ್ಲಿ ಹೆಚ್ಚು ಕೊಟ್ಟವನಿಗೆ ಹೆಚ್ಚೇ ಸಿಗುತ್ತಿತ್ತು. ಈ ಮಾತನ್ನು ಒಪ್ಪಲೇಬೇಕು.

ಇಂಗ್ಲೆಂಡಿನಲ್ಲಿ ಲೆನಾರ್ಡ್‌ನ ಜಾಗ ಹಿಡಿದದ್ದು ಹಾರ್ಡಿ ಸೋದರರು. ವಿಲಿಯಂ ಹಾರ್ಡಿ 1872ರಲ್ಲಿ ಆನ್ವಿಕ್ ಎಂಬ ಸಣ್ಣ ಊರಿನಲ್ಲಿ ಬಂದೂಕಿನ ಅಂಗಡಿ ತೆರೆದ. ಮರುವರ್ಷ ತಮ್ಮ ಜಾನ್ ಜೇಮ್ಸ್ ಸೇರಿಕೊಂಡ. 1883ರ ಲಂಡನ್ ಅಂತರರಾಷ್ಟ್ರೀಯ ಮೀನುಗಾರಿಕೆ ಪ್ರದರ್ಶನದಲ್ಲಿ ಅವರ ಬಿದಿರು ಕೋಲಿಗೆ ಬಹುಮಾನ ಬಂತು. ತಮ್ಮನಂತೂ ಗಾಳ ಎಸೆಯುವ ಸ್ಪರ್ಧೆಗಳ ಹುಲಿ. ಅವನು ಗೆದ್ದಷ್ಟೂ ಕೋಲು ಮಾರಾಟವಾಯಿತು. ಮುಂದೆ ಅರಮನೆಯ ಸನ್ನದು, ಚಿತ್ರಗಳಿಂದ ತುಂಬಿದ ದಪ್ಪ ಕ್ಯಾಟಲಾಗು. ಸಾಮ್ರಾಜ್ಯದ ಮೂಲೆಮೂಲೆಯಲ್ಲಿದ್ದ ದೊರೆಗಳು ಅಂಚೆಯಲ್ಲಿ ಬಂದ ಆ ಕ್ಯಾಟಲಾಗನ್ನು ಓದಿಯೇ ಕೋಲು ತರಿಸುತ್ತಿದ್ದರು. ಕೋಲಿನ ಬೆಲೆಯಲ್ಲಿ ಕ್ಯಾಟಲಾಗಿನ ಪಾಲೂ ಸೇರಿತ್ತು ಎನ್ನಬೇಕು.

ಆ ದೊರೆಗಳು ಭಾರತದಲ್ಲಿ ಬೆನ್ನಟ್ಟಿದ ಮೀನು ಮಹಶೀರ್, ಕಾವೇರಿ ಬಯಲಿನವರ ಬಿಳಿಮೀನು. ಅದರ ಬೇಟೆಗೆ ಮೊದಲ ಕೈಪಿಡಿ ಬರೆದ ಹೆನ್ರಿ ಸಲಿವಾನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದವನು. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ, ಬಾಸೆಲ್ ಮಿಷನ್ನಿನಿಂದ ಪ್ರಕಟವಾಯಿತು. ಹೆಸರಿನಲ್ಲಿ ಕೋಲು ಇದ್ದರೂ ಥಾಮಸ್‌ಗೆ ಹೆಚ್ಚು ಚಿಂತೆ ಕೊಟ್ಟದ್ದು ಗಾಳದ ಕೊಕ್ಕೆ. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಅದರ ಬಾಯಿಯ ಒತ್ತಡಕ್ಕೆ ಇಂಗ್ಲೆಂಡಿನ ಸಾಲ್ಮನ್ ಕೊಕ್ಕೆಗಳು ಚಪ್ಪಟೆಯಾಗುತ್ತಿದ್ದವು, ಇಲ್ಲವೇ ಮುರಿಯುತ್ತಿದ್ದವು. ಕೊಕ್ಕೆ ಕಚ್ಚಿದೊಡನೆ ಮೀನು ಬಂಡೆಗಳ ನಡುವಿನ ಸೆಳವಿಗೆ ಒಂದೇ ಓಟ ಕೀಳುತ್ತದೆ. ದಾರ ಕಲ್ಲಿಗೆ ಉಜ್ಜಿ ತುಂಡಾಗುತ್ತದೆ. ಲಂಡನ್ನಿನಿಂದ ತರಿಸಿದ ಕೋಲು ಎಷ್ಟೇ ಚಂದವಿದ್ದರೂ ಈ ಎರಡು ಕಡೆ ಅದರಿಂದ ಏನೂ ಆಗದು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಕೋಲು ಮೀನನ್ನು ಎತ್ತುವ ಸಾಧನವೆಂದು ಹಲವರು ತಿಳಿದಿದ್ದಾರೆ. ಸನ್ನೆಯ ನಿಯಮ ಅದಕ್ಕೆ ವಿರುದ್ಧವಾಗಿದೆ. 3 ಮೀಟರ್ ಉದ್ದದ, ಬಾಗದ ಕೋಲೊಂದರ ಬುಡವನ್ನು ಹೊಟ್ಟೆಗೆ ಒತ್ತಿ, 30 ಸೆಂಟಿಮೀಟರ್ ಮುಂದೆ ಕೈಯಿಟ್ಟು ಹಿಡಿದಿದ್ದೀರಿ ಎನ್ನಿ. ತುದಿಯಲ್ಲಿ ಮೀನು 2 ಕಿಲೋದಷ್ಟು ಜಗ್ಗಿದರೆ ಕೈ 20 ಕಿಲೋದಷ್ಟು ಎತ್ತಬೇಕು. ಅಂದರೆ ಉದ್ದದ ಕೋಲು ಮೀನಿನ ಪಕ್ಷ! ಕೋಲು ಬಾಗಿದಷ್ಟೂ ಈ ಅನ್ಯಾಯ ಕಡಿಮೆಯಾಗುತ್ತದೆ, ಜೊತೆಗೆ ಮೀನಿನ ಜಗ್ಗಾಟದ ಏಟು ದಾರಕ್ಕೆ ನೇರವಾಗಿ ತಾಗುವುದಿಲ್ಲ. ಹಾಗಾಗಿ ಕೋಲಿನ ನಿಜವಾದ ಕೆಲಸ ಎರಡೇ: ಎಸೆಯುವುದು, ಏಟು ತಡೆಯುವುದು. ಎರಡನೆಯದನ್ನು ಸುಮಾರಾದ ಕೋಲೂ ಚೆನ್ನಾಗಿಯೇ ಮಾಡುತ್ತದೆ. ಬೆಲೆಯ ಅಂತರವೆಲ್ಲ ಮೊದಲನೆಯದರಲ್ಲಿದೆ.

ಗಾಜಿನ ನಾರು ಈ ಗುಟ್ಟನ್ನು ಹೊರಗೆಡವಿತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಆರ್ಥರ್ ಹೋವಾಲ್ಡ್ ಎಂಬ ಪ್ಲಾಸ್ಟಿಕ್ ತಜ್ಞನ ಬಿದಿರು ಕೋಲಿನ ತುದಿ ಮುರಿಯಿತು, ಬದಲಿ ಸಿಗಲಿಲ್ಲ. ಗಾಜಿನ ನಾರನ್ನು ಅಂಟಿನಲ್ಲಿ ಅದ್ದಿ ತಾನೇ ಒಂದು ತುದಿ ಮಾಡಿಕೊಂಡ. ಶೇಕ್ಸ್‌ಪಿಯರ್ ಎಂಬ ಕಂಪನಿ ಅದನ್ನು ಬೆಳೆಸಿ 1947ರ ಸುಮಾರಿಗೆ ‘ವಂಡರ್‌ರಾಡ್’ ಎಂದು ಮಾರಿತು. (ನಾಟಕಕಾರನಿಗೂ ಇದಕ್ಕೂ ಸಂಬಂಧವಿಲ್ಲ, 1897ರಲ್ಲಿ ಮಿಷಿಗನ್‌ನಲ್ಲಿ ಕಂಪನಿ ಕಟ್ಟಿದವನ ಹೆಸರೂ ವಿಲಿಯಂ ಶೇಕ್ಸ್‌ಪಿಯರ್.) ಮುಂದೆ ತಯಾರಿಕೆ ಇನ್ನೂ ಸರಳವಾಯಿತು. ಅಂಟು ಹೀರಿದ ಗಾಜಿನ ಬಟ್ಟೆಯನ್ನು ಉಕ್ಕಿನ ಸರಳಿನ ಸುತ್ತ, ಕೆಸುವಿನೆಲೆಗೆ ಹಿಟ್ಟು ಸವರಿ ಪತ್ರೊಡೆ ಸುತ್ತುವ ಹಾಗೆ ಸುತ್ತಿ, ಒಲೆಯಲ್ಲಿಟ್ಟು ಬೇಯಿಸಿ, ಸರಳನ್ನು ಎಳೆದು ತೆಗೆದರೆ ಟೊಳ್ಳು ಕೋಲು ಸಿದ್ಧ. ಅಂಗುಲದ ಸಾವಿರದ ಭಾಗ ಅಳೆಯುವ ಕುಶಲಿ ಬೇಡ, ಮಳೆ ಬಿಸಿಲಿನ ಭಯವಿಲ್ಲ, ಕಾರಿನ ಡಿಕ್ಕಿಯಲ್ಲಿ ಬಿಸಾಡಿದರೂ ಸರಿ. ಅದರ ಬೆನ್ನಿಗೇ ಚೀನಾ ನಿರ್ಬಂಧ ಬಂತು. ಕಾರ್ಖಾನೆಯ ಕೂಲಿಕಾರನ ಕೈಗೂ ಒಳ್ಳೆಯ ಕೋಲು ಎಟುಕಿತು.

ಬಿದಿರಿನವರು ಸುಮ್ಮನಿರಲಿಲ್ಲ. ಗಾಜಿನ ಕೋಲು ‘ಸತ್ತ ಕೋಲು’, ಬಿದಿರಿಗೆ ಜೀವವಿದೆ ಎಂದು ಹೇಳುವವರು ಇಂದಿಗೂ ಇದ್ದಾರೆ. ಬಿದಿರಿನ ಕೋಲು ನಿಧಾನವಾಗಿ ಬಾಗಿ ನಿಧಾನವಾಗಿ ಪುಟಿಯುವುದು ನಿಜ, ಹತ್ತಿರದ ಮೀನಿಗೆ ಮೃದುವಾಗಿ ಗಾಳ ಇಳಿಸಲು ಅದು ಹೇಳಿ ಮಾಡಿಸಿದಂತಿರುವುದೂ ನಿಜ. ಆದರೆ ಹಳೆಯ ಲೆನಾರ್ಡ್, ಪೇನ್ ಕೋಲುಗಳನ್ನು ಈಗ ಕೊಳ್ಳುವವರಲ್ಲಿ ಬಹುಪಾಲು ಸಂಗ್ರಾಹಕರು. ಅವರು ಕೊಡುವ ಬೆಲೆ ಹಳೆಯ ಪಿಟೀಲಿಗೆ ಕೊಡುವ ಬೆಲೆಯ ಜಾತಿಯದು. ಟೋಕಿಯೊದಲ್ಲಿ 1783ರಲ್ಲಿ ಶುರುವಾದ ತೋಸಾಕು ಮನೆತನದ ಅಂಗಡಿಯ ಬಿದಿರು ಕೋಲುಗಳದ್ದೂ ಇದೇ ಕತೆ. ಜಪಾನ್ ಸರ್ಕಾರ ಆ ಕುಶಲತೆಯನ್ನು ಸಾಂಪ್ರದಾಯಿಕ ಕರಕುಶಲ ಕಲೆಗಳ ಪಟ್ಟಿಗೆ ಸೇರಿಸಿದೆ. ಅರಗು ಲೇಪಿಸಿದ ಆ ಕೋಲಿಗೆ ಕೊಟ್ಟ ದುಡ್ಡು ಕಲಾವಿದನಿಗೆ ಕೊಟ್ಟ ಸಂಭಾವನೆ. ಅದನ್ನು ಮೀನಿನ ಲೆಕ್ಕಕ್ಕೆ ಬರೆದುಕೊಂಡರೆ ತಪ್ಪು ಕೊಂಡವರದ್ದು.

ಗಾಜಿನ ನಾರು ಬೆಲೆ ಇಳಿಸಿದರೆ, ಕಾರ್ಬನ್ ನಾರು ಅದನ್ನು ಮತ್ತೆ ಏರಿಸಿತು. ಇಂಗ್ಲೆಂಡಿನ ಫಾರ್ನ್‌ಬರೊದ ವಿಮಾನ ಸಂಶೋಧನಾ ಕೇಂದ್ರದಲ್ಲಿ 1960ರ ದಶಕದಲ್ಲಿ ಬಲವಾದ ಕಾರ್ಬನ್ ನಾರು ತಯಾರಾಯಿತು. ರೋಲ್ಸ್-ರಾಯ್ಸ್ ಕಂಪನಿ ಅದನ್ನು ನಂಬಿ ತನ್ನ ಆರ್‌ಬಿ211 ಜೆಟ್ ಎಂಜಿನ್ನಿನ ರೆಕ್ಕೆಗಳನ್ನೇ ಅದರಿಂದ ಮಾಡಹೊರಟಿತು. ಎಂಜಿನ್ನಿಗೆ ಹಕ್ಕಿ ಬಡಿದರೆ ಏನಾಗುತ್ತದೆಂದು ಸತ್ತ ಕೋಳಿಯನ್ನು ರಭಸದಿಂದ ಹಾರಿಸಿ ನೋಡಿದಾಗ ರೆಕ್ಕೆ ಪುಡಿಯಾಯಿತು. 1971ರಲ್ಲಿ ಕಂಪನಿ ದಿವಾಳಿಯಾಗಲು ಆ ಎಂಜಿನ್ನಿನ ಖರ್ಚೇ ಮುಖ್ಯ ಕಾರಣ. ಕೋಳಿಯ ಏಟು ತಾಳದ ನಾರು ಗಾಳದ ಕೋಲಿಗೆ ಮಾತ್ರ ಚೆನ್ನಾಗಿ ಒಗ್ಗಿತು. ಅಮೆರಿಕದ ಫೆನ್ವಿಕ್ ಕಂಪನಿ 1970ರ ದಶಕದ ಆರಂಭದಲ್ಲಿ ‘ಗ್ರಾಫೈಟ್’ ಹೆಸರಿನಲ್ಲಿ ಕಾರ್ಬನ್ ಕೋಲನ್ನು ಮಾರುಕಟ್ಟೆಗೆ ತಂದಿತು. ಗಾಜಿನದಕ್ಕಿಂತ ಎಷ್ಟೋ ಹಗುರ, ಬೀಸಿದೊಡನೆ ನೆಟ್ಟಗಾಗುವ ಚುರುಕು, ಬೆಲೆ ಮಾತ್ರ ಹಲವು ಪಟ್ಟು. 1976ರಲ್ಲಿ ಅದೇ ಶೇಕ್ಸ್‌ಪಿಯರ್ ಕಂಪನಿ ಗಾಜು ಮತ್ತು ಕಾರ್ಬನ್ ಬೆರೆಸಿದ ‘ಅಗ್ಲಿ ಸ್ಟಿಕ್’ ಎಂಬ ಅಗ್ಗದ ಕೋಲನ್ನು ತಂದಿತು. ಕುರೂಪಿ ಎಂದು ಹೆಸರಿನಲ್ಲೇ ಒಪ್ಪಿಕೊಂಡ ಆ ಕೋಲು ಸುಲಭಕ್ಕೆ ಮುರಿಯುವುದಿಲ್ಲ ಎಂಬ ಒಂದೇ ಖ್ಯಾತಿಯ ಮೇಲೆ ಇವತ್ತಿಗೂ ಮಾರಾಟವಾಗುತ್ತಿದೆ.

ಈಗ ಹೆಸರಾಂತ ಕಂಪನಿಗಳ ಉನ್ನತ ದರ್ಜೆಯ ‘ಫ್ಲೈ ರಾಡ್’, ಅಂದರೆ ಹಗುರ ಗಾಳವನ್ನು ಬೀಸಿ ಎಸೆಯುವ ಕೋಲು, ಸಾವಿರ ಡಾಲರ್ ದಾಟುತ್ತದೆ. ಆ ದುಡ್ಡಿನ ಒಂದು ಪಾಲು ಹೆಚ್ಚು ಬಿಗುವಿನ ಕಾರ್ಬನ್ನಿಗೆ. ಬಿಗುವು ಏರಿದಷ್ಟೂ ನಾರು ಕಡಿಮೆ ಸಾಕು, ಕೋಲು ಹಗುರವಾಗುತ್ತದೆ. ಬಂಡೆಗೆ ತಾಗಿದರೆ ಮುರಿಯುವ ಸಂಭವವೂ ಏರುತ್ತದೆ. ಇನ್ನೊಂದು ಪಾಲು ದಾರ ಹಾಯುವ ಬಳೆಗಳಿಗೆ, ಹಿಡಿಯ ಕಾರ್ಕ್‌ಗೆ. ಮತ್ತೊಂದು ಪಾಲು ಗ್ಯಾರಂಟಿಗೆ. ಮುರಿದರೆ ಬದಲಿ ಕೊಡುತ್ತೇವೆ ಎಂಬ ಭರವಸೆಯ ಖರ್ಚನ್ನು ಕಂಪನಿ ಕೈಯಿಂದ ಭರಿಸುವುದಿಲ್ಲ, ಮೊದಲ ದಿನವೇ ಬಿಲ್ಲಿನಲ್ಲಿ ಸೇರಿಸಿರುತ್ತದೆ. ಉಳಿದದ್ದು ಹೆಸರಿಗೆ. ದಿನಕ್ಕೆ ನೂರಾರು ಬಾರಿ ಕೋಲು ಬೀಸುವವನ ಭುಜಕ್ಕೆ ಹಗುರ ಕೋಲು ದೊಡ್ಡ ಉಪಕಾರ. ಬೆಂಡು ತೇಲಿಬಿಟ್ಟು ದಡದಲ್ಲಿ ಕೂರುವವನಿಗೆ ಅದರಿಂದ ಏನೂ ಸಿಗದು.

ಕಾವೇರಿ ಈ ಮಾತಿಗೆ ಒಳ್ಳೆಯ ಸಾಕ್ಷಿ. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಇಲ್ಲಿ 119 ಪೌಂಡಿನ ಮಹಶೀರ್ ಹಿಡಿದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದನ್ನು, ಅಂದರೆ ಸುಮಾರು 54 ಕಿಲೋದ ಮೀನನ್ನು ಹಿಡಿದು ಆ ದಾಖಲೆ ಮುರಿದ. ಹುಲಿ, ಚಿರತೆಗಳ ಚರ್ಮ ಹದಮಾಡಿ ತುಂಬುವುದರಲ್ಲಿ ಲೋಕಪ್ರಸಿದ್ಧವಾಗಿದ್ದ ಮನೆತನವದು. ಆಗಿನ್ನೂ ಕಾರ್ಬನ್ ಕೋಲು ಹುಟ್ಟಿರಲಿಲ್ಲ, ಗಾಜಿನ ಕೋಲು ಕಣ್ಣು ಬಿಡುತ್ತಿತ್ತಷ್ಟೆ. ಮುಂದಿನ ಇಷ್ಟೂ ದಶಕಗಳಲ್ಲಿ ಕೋಲುಗಳು ಎಷ್ಟು ಸುಧಾರಿಸಿದರೂ ಆ ತೂಕವೇ ದಾಖಲೆಯೆಂದು ಹೇಳಲಾಗುತ್ತಿದೆ.

ಸ್ವಾತಂತ್ರ್ಯದ ನಂತರ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವವರ ಹಾವಳಿಯಲ್ಲಿ ಮಹಶೀರ್ ಮುಗಿದೇಹೋಯಿತೆಂದು ಹೊರಗಿನವರು ಭಾವಿಸಿದ್ದರು. 1977ರ ಸುಮಾರಿಗೆ ಇಂಗ್ಲೆಂಡಿನ ಮೂವರು ತರುಣರು ‘ಟ್ರಾನ್ಸ್ ವರ್ಲ್ಡ್ ಫಿಷಿಂಗ್ ಟೀಮ್’ ಎಂದು ಹೆಸರಿಟ್ಟುಕೊಂಡು ಬಂದು ಕಾವೇರಿಯಲ್ಲಿ ದೊಡ್ಡ ಮೀನುಗಳು ಇನ್ನೂ ಇವೆಯೆಂದು ತೋರಿಸಿದರು. ಅವರ ಹಿಂದೆ ವಿದೇಶಿ ಗಾಳಗಾರರ ಸಾಲೇ ಬಂತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳಾದವು. ಬಂದವರ ಪೆಟ್ಟಿಗೆಯಲ್ಲಿ ಹೊಸ ಹೊಸ ಕಾರ್ಬನ್ ಕೋಲುಗಳು. ಮೀನು ಬೀಳುತ್ತಿದ್ದದ್ದು ಮಾತ್ರ ಆಸುಪಾಸಿನ ಹಳ್ಳಿಗಳ ಸಹಾಯಕರು ಕಲಸಿ ಬೇಯಿಸಿ ಗಟ್ಟಿ ಮಾಡಿದ ರಾಗಿ ಹಿಟ್ಟಿನ ಉಂಡೆಗೆ. ಅವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರು. ಯಾವ ಮಡುವಿನಲ್ಲಿ ಮೀನು ನಿಲ್ಲುತ್ತದೆ, ಕಚ್ಚಿದ ಮೇಲೆ ಯಾವ ಬಂಡೆಯ ಕಡೆ ಓಡುತ್ತದೆ ಎಂಬುದು ಅವರಿಗೆ ಬಾಯಿಪಾಠ. ದಾರ ಕಲ್ಲಿಗೆ ಸಿಕ್ಕಿಕೊಂಡರೆ ಹರಿಗೋಲು ಹತ್ತಿ ಸೆಳವಿಗೆ ಇಳಿಯುತ್ತಿದ್ದವರೂ ಅವರೇ. ಅವರ ಸ್ವಂತ ಸಲಕರಣೆ ಬಹುಮಟ್ಟಿಗೆ ಕೈಗೆ ಸುತ್ತಿಕೊಂಡ ತಂಗೂಸಿ, ಒಂದು ಕೊಕ್ಕೆ, ಒಂದು ಸೀಸದ ಗುಂಡು. ಕೋಲೇ ಇಲ್ಲ!

ಕಾವೇರಿ ವನ್ಯಧಾಮದೊಳಗಿನ ಆ ಶಿಬಿರಗಳಲ್ಲಿ 2010ರ ನಂತರದ ವರ್ಷಗಳಲ್ಲಿ ಗಾಳಕ್ಕೆ ತಡೆ ಬಿತ್ತು. ಅಲ್ಲಿನ ಡುಬ್ಬದ ಮಹಶೀರಿಗೆ ವಿಜ್ಞಾನಿಗಳು ‘ಟಾರ್ ರೆಮಾದೇವಿ’ ಎಂಬ ಹೆಸರನ್ನು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಅನುಮತಿಯಿರುವ ಕೆರೆ, ಹಿನ್ನೀರು, ಕಡಲ ದಂಡೆಯಲ್ಲಿ ಗಾಳ ಹಾಕಲು ಹೊರಟವರು ಮಧ್ಯಮ ಬೆಲೆಯ ಕೋಲು ಕೊಂಡರೆ ಸಾಕು. ತೀರಾ ಅಗ್ಗದ್ದು ಬೇಡ: ಬಳೆಯ ಅಂಚು ದಾರವನ್ನು ಕೊಯ್ಯುತ್ತದೆ, ಕೀಲು ಕಳಚುತ್ತದೆ. ಉಳಿದ ದುಡ್ಡನ್ನು ಒಳ್ಳೆಯ ಕೊಕ್ಕೆಗೆ, ಹೊಸ ದಾರಕ್ಕೆ, ಸರಾಗವಾಗಿ ತಿರುಗುವ ರೀಲಿಗೆ ಹಾಕಬಹುದು. ಇಡೀ ದಿನ ಬೀಸಿ ಎಸೆಯುವ ಹವ್ಯಾಸ ಗಟ್ಟಿಯಾದ ಮೇಲೆ ಹಗುರ ಕಾರ್ಬನ್ನಿಗೆ ಹೆಚ್ಚು ಕೊಟ್ಟರೆ ಅದು ವ್ಯರ್ಥವಲ್ಲ. ಕೊಳ್ಳುವವರು ಒಂದನ್ನು ಮರೆಯಬಾರದು. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ಅಂಥ ಕೋಲನ್ನು ವಿದ್ಯುತ್ ತಂತಿಯ ಕೆಳಗಾಗಲಿ, ಗುಡುಗು ಮಿಂಚಿನ ಹೊತ್ತಿನಲ್ಲಾಗಲಿ ಎತ್ತಿ ಹಿಡಿಯಬೇಡಿ.